ಕೆಳಸಾಲಿನ ಒಂಟಿ ಹಲ್ಲು

ನಮ್ಮ ಹಲ್ಲಣ್ಣನಿಗೆ ಯಾರ ಮುಖವೂ ನೆನಪಿರುವುದಿಲ್ಲ. ದಿನವೂ ನೋಡುವ ಎದುರುಮನೆಯವರು ಬಸ್ ಸ್ಟಾಪಿನಲ್ಲಿ ಮಾತಾಡಿಸಿದರೂ ಕಂಬದ ಹಾಗೆ ನಿಂತಿರುತ್ತಾನೆ. ಅವರು ನಕ್ಕ ಮೇಲಷ್ಟೇ ಅವನಿಗೆ ಗುರುತು ಹತ್ತುವುದು. ಕೋರೆಹಲ್ಲು ಸ್ವಲ್ಪ ಹೊರಗೆ ಬಂದಿದ್ದರೆ ಎರಡನೇ ಮಹಡಿಯವರು, ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇದ್ದರೆ ಅಂಚೆಯವರು, ಹೀಗೆ. ನಗದವರ ಪಾಲಿಗೆ ಅವನು ಜಂಬದ ಮನುಷ್ಯ. ಎದುರಿಗೆ ನಾನು ಅವನಿಗೆ ‘ನೀವು’ ಎಂದೇ ಅನ್ನುತ್ತೇನೆ. ಬರೆಯಲು ಕೂತರೆ ಮಾತ್ರ ಏಕವಚನ ಬಂದುಬಿಡುತ್ತದೆ. ಜೊತೆಯಲ್ಲಿ ಕೆಲಸ ಮಾಡಿ ಮಾಡಿ ಬೆಳೆದ ಸಲಿಗೆ, ಏನೂ ಮಾಡುವ ಹಾಗಿಲ್ಲ.

ನಾವಿಬ್ಬರೂ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಅಕ್ಕಪಕ್ಕದ ಮೇಜಿನವರು. ಲ್ಯಾಬು ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಒಂದೇ ಕಿಟಕಿ. ಕಿಟಕಿಯ ಬೆಳಕೆಲ್ಲ ಅವನ ಮೇಜಿಗೆ, ಪಾಲಿಶ್ ಮೆಷಿನ್ನಿನ ಧೂಳೆಲ್ಲ ನನ್ನ ಮೂಗಿಗೆ. ಕ್ಲಿನಿಕ್ಕುಗಳಿಂದ ರೋಗಿಯ ಬಾಯಿಯ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಆ ಬಾಯಿ ನಮ್ಮ ಅಂಗೈ ಮೇಲಿರುತ್ತದೆ. ಅದರ ಮೇಲೆ ಮೇಣ ಕೂರಿಸಿ ಹಲ್ಲು ಜೋಡಿಸುವುದು ಅವನ ಕೆಲಸ, ಉಜ್ಜಿ ಹೊಳಪು ಕೊಡುವುದು ನನ್ನದು. ಡಾಕ್ಟರು ಕೆಲವೊಮ್ಮೆ ‘ಈ ಹಲ್ಲು ಕೀಳುವುದಿದೆ’ ಎಂದು ಗುರುತು ಹಾಕಿ ಕಳಿಸುತ್ತಾರೆ. ಆಗ ಬಾಯಲ್ಲಿ ಹಲ್ಲು ಇನ್ನೂ ಗಟ್ಟಿಯಾಗಿ ಕೂತಿರುವಾಗಲೇ ನಾವು ಪ್ಲಾಸ್ಟರಿನಲ್ಲಿ ಅದನ್ನು ಕತ್ತರಿಸಿ ಹಾಕಿ, ಆ ಜಾಗಕ್ಕೆ ಕೃತಕ ಹಲ್ಲು ಜೋಡಿಸಿಬಿಡುತ್ತೇವೆ. ಕಿತ್ತ ದಿನವೇ ಸೆಟ್ ಹಾಕಿ ಮನೆಗೆ ಕಳಿಸಬೇಕಲ್ಲ. ದಿನಕ್ಕೆ ಎಷ್ಟು ಹಲ್ಲು ಹಾಗೆ ಕತ್ತರಿಸುತ್ತೇವೋ ಯಾರು ನೆನಪಿಟ್ಟುಕೊಳ್ಳುತ್ತಾರೆ.

ಅವನ ಅಮ್ಮನಿಗೂ ಸೆಟ್ ಮಾಡಿಕೊಟ್ಟವನು ಅವನೇ. ಅದನ್ನು ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ. “ಅಮ್ಮ ಹೋಗೋ ತನಕ ಒಂದು ದಿನಾನೂ ಚುಚ್ಚುತ್ತೆ ಅಂದಿಲ್ಲ ಕಣಮ್ಮ. ಹೇಗಿದೆ ಅಂದ್ರೆ ಚೆನ್ನಾಗಿದೆ ಅನ್ನೋರು. ಪಾಪ, ನಾಚಿಕೆ ಸ್ವಭಾವ. ನನ್ನ ಮುಂದೆ ನಗೋವಾಗಲೂ ಬಾಯಿಗೆ ಕೈ ಅಡ್ಡ ಇಟ್ಕೊಳ್ಳೋರು.” ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೊಸದಾಗಿ ಸೇರಿದವರಿಗೆಲ್ಲ ಇದು ಮೊದಲ ಪಾಠ. ಅಮ್ಮ ಇದ್ದದ್ದು ಅವನ ಅಕ್ಕನ ಮನೆಯಲ್ಲಿ, ಊರಿನ ಆ ತುದಿಗೆ. ಇವನು ರಜೆಯ ದಿನ ಹೋಗಿ ನೋಡಿಕೊಂಡು ಬರುತ್ತಿದ್ದ.

ಅಕ್ಕ ಹೆಂಗಸರ ಸಲೂನಿನಲ್ಲಿ ಕೂದಲು ಕತ್ತರಿಸುತ್ತಾಳೆ, ಮದುವೆ ಮನೆಯವರಿಗೆ ಜಡೆ ಕಟ್ಟುತ್ತಾಳೆ. ಬಹಳ ಹಿಂದೆ ತನ್ನ ಉಳಿತಾಯವನ್ನು ತಮ್ಮನ ಕೈಗೆ ಕೊಟ್ಟಿದ್ದಳು. ತನ್ನ ಕೈಯಲ್ಲಿದ್ದರೆ ನೀರಿನ ಹಾಗೆ ಹರಿದುಹೋಗುತ್ತದೆ ಎಂಬ ಭಯ. “ಏನು ಬೇಕಾದರೂ ಮಾಡು, ನಾನು ಕೇಳಿದ ದಿನ ಕೊಡು” ಎಂದಿದ್ದಳಂತೆ. ಆಗ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಕ್ರಿಪ್ಟೊ, ಅದೇ ಇಂಟರ್ನೆಟ್ಟಿನ ದುಡ್ಡು. ಇವನು ಅಕ್ಕನಿಗೆ ಹೇಳಿಯೇ ಆ ಹಣಕ್ಕೆ ಕಾಯಿನ್ ಕೊಂಡು, ಲ್ಯಾಪ್‌ಟಾಪಿನಲ್ಲಿ ಒಂದು ವಾಲೆಟ್ ಮಾಡಿ, ಪಾಸ್‌ವರ್ಡ್ ಹಾಕಿ, ಮುಚ್ಚಿಟ್ಟ. ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆ, ಬರೆದಿಡಿ ಎಂದು ವಾಲೆಟ್ಟು ಹನ್ನೆರಡು ಪದ ಕೊಟ್ಟಿತ್ತು. ಬರೆದೂ ಇಟ್ಟಿದ್ದ. ಲ್ಯಾಬು ಹಳೇ ಕಟ್ಟಡದಿಂದ ಇಲ್ಲಿಗೆ ಬರುವಾಗ ಆ ಚೀಟಿ ಹಳೇ ಪ್ಲಾಸ್ಟರ್ ಬಾಯಿಗಳ ಜೊತೆ ಕಸದ ಲಾರಿ ಹತ್ತಿತು. ಹಲ್ಲಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಪಾಸ್‌ವರ್ಡ್ ತಲೆಯಲ್ಲಿದೆಯಲ್ಲ ಎಂದುಕೊಂಡ.

ಈಗ ಅಕ್ಕ ಆ ಹಣ ಕೇಳಿದಳು. ಸಲೂನಿನ ಯಜಮಾನಿಗೆ ಮಂಡಿನೋವು, ನಿಂತು ಕೆಲಸ ಮಾಡಲಾಗದೆ ಅಂಗಡಿ ಬಿಟ್ಟುಕೊಡಲು ಹೊರಟಿದ್ದಳು. “ಮೊದಲು ನಿನ್ನನ್ನೇ ಕೇಳ್ತಾ ಇದ್ದೀನಿ, ತಿಂಗಳ ಕೊನೆಯೊಳಗೆ ಹೇಳು, ಇಲ್ಲದಿದ್ದರೆ ಪಕ್ಕದ ಬೇಕರಿಯವರು ಗೋಡೆ ಒಡೆದು ತಗೋತಾರೆ” ಎಂದು ಅಕ್ಕನಿಗೆ ಹೇಳಿದ್ದಳು. ವಯಸ್ಸೆಲ್ಲ ಬೇರೆಯವರ ಕನ್ನಡಿಯ ಮುಂದೆ ನಿಂತು ಕಳೆದ ಹೆಂಗಸಿಗೆ ಆ ಕನ್ನಡಿ ತನ್ನದಾಗುವ ಮಾತು. ಎಲ್ಲ ಕೂಡಿಸಿ ನೋಡಿದರೆ ಆ ಕಾಯಿನ್ನುಗಳಿಂದ ಅದು ಆಗುವಂತಿತ್ತು.

ಹಲ್ಲಣ್ಣ ಹಳೇ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಕೈ ತೊಳೆದು, ಪಾಸ್‌ವರ್ಡ್ ಹೊಡೆದ. ತಪ್ಪು ಎಂದಿತು. ನಗುತ್ತಾ ಇನ್ನೊಮ್ಮೆ ಹೊಡೆದ. ಆಗಲೂ ತಪ್ಪು. ಮೂರನೆಯ ಸಲ ನಗು ಇರಲಿಲ್ಲ.

ಆ ವಾರ ಅವನು ಮಾಡಿದ ಎರಡು ಸೆಟ್ಟುಗಳನ್ನು ಕ್ಲಿನಿಕ್ಕಿನವರು ವಾಪಸ್ ಕಳಿಸಿದರು. ಅಂಥದ್ದು ನಾನು ಕಂಡಿರಲಿಲ್ಲ. ಕೇಳಿದ್ದಕ್ಕೆ ನನಗೊಬ್ಬಳಿಗೆ ಗುಟ್ಟು ಬಿಟ್ಟುಕೊಟ್ಟ. ಪಾಸ್‌ವರ್ಡ್ ಎಂದರೆ ಅಮ್ಮನ ಬಾಯಿ. ನಮ್ಮ ಕಸುಬಿನಲ್ಲಿ ಬಾಯನ್ನು ನಾಲ್ಕು ಪಾಲು ಮಾಡಿ ಪ್ರತಿ ಹಲ್ಲಿಗೂ ಎರಡಂಕಿ ಕೊಟ್ಟಿರುತ್ತಾರೆ. ಮೊದಲ ಅಂಕಿ ಯಾವ ಪಾಲು, ಎರಡನೆಯದು ನಡುಗೆರೆಯಿಂದ ಎಷ್ಟನೇ ಹಲ್ಲು. ಕಾಯಿನ್ ಕೊಂಡ ದಿನ ಅಮ್ಮನ ಬಾಯಲ್ಲಿ ಉಳಿದಿದ್ದ ಹಲ್ಲುಗಳ ಅಂಕಿಯನ್ನು ಸಾಲಾಗಿ ಹೊಡೆದಿದ್ದ, ಅಷ್ಟೇ.

“ಅಂದ್ರೆ ಯಾವ ಹಲ್ಲು ಇತ್ತು ಅನ್ನೋದನ್ನ ಮರೆತಿದ್ದೀರಿ” ಎಂದೆ.

“ಏನಮ್ಮ ಮಾತಾಡ್ತೀಯಾ? ಕೆಳಗಿನ ಸೆಟ್ ನಾನೇ ಮಾಡಿದ್ದು. ಕಣ್ಣು ಮುಚ್ಚಿದ್ರೆ ಅಮ್ಮನ ಬಾಯಿ ಕಾಣುತ್ತೆ. ಸಾಲು ಹಿಂದುಮುಂದಾಗಿರಬೇಕು, ಬೇರೇನಿಲ್ಲ.”

ಮೇಲಿನ ಸಾಲು ಮೊದಲು, ಕೆಳಗಿನದು ಮೊದಲು, ಎಡದಿಂದ, ಬಲದಿಂದ, ಮಧ್ಯೆ ಗೆರೆ ಹಾಕಿ, ಹಾಕದೆ, ಎಲ್ಲ ನೋಡಿದ. ಊಟಕ್ಕೆ ಎಲ್ಲರೂ ಹೋದಾಗ ಇವನು ಕಣ್ಣು ಮುಚ್ಚಿಕೊಂಡು ನಾಲಿಗೆಯಿಂದ ತನ್ನದೇ ಹಲ್ಲನ್ನು ಸವರುತ್ತಾ ಕೂತಿರುತ್ತಿದ್ದ. ನೋಡಿದರೆ ನಗು ಬರುತ್ತಿತ್ತು, ಆಮೇಲೆ ಸಂಕಟವಾಗುತ್ತಿತ್ತು.

ಅಕ್ಕನ ಫೋನು ಬಂದಾಗ ಅವನ ಎರಡೂ ಕೈ ಪ್ಲಾಸ್ಟರಿನಲ್ಲಿತ್ತು. ಸ್ಪೀಕರ್ ಒತ್ತಿದವಳು ನಾನು, ಹಾಗಾಗಿ ಬೇಡವೆಂದರೂ ಕೇಳಿಸಿತು.

“ಪಾಸ್‌ವರ್ಡ್ ನೆನಪಾಗ್ತಾ ಇಲ್ಲ ಅಕ್ಕ. ಇನ್ನೊಂದು ನಾಲ್ಕು ದಿನ ತಡಿ.”

ಆ ಕಡೆ ಹೇರ್ ಡ್ರೈಯರ್ ಸದ್ದು ನಿಂತಿತು. “ಮಾರಿಬಿಟ್ಯಾ?”

“ಇಲ್ಲ ಅಕ್ಕ! ಹಾಗೇ ಇದೆ. ಬಾಗಿಲು ತೆಗೀತಾ ಇಲ್ಲ ಅಷ್ಟೇ.”

“ಖರ್ಚಾಗಿದ್ರೆ ಆಗಿದೆ ಅಂತ ಹೇಳು ಕಣೋ. ಎರಡು ದಿನ ಅಳ್ತೀನಿ, ಆಮೇಲೆ ಮರೀತೀನಿ. ಮರೆತುಹೋಯ್ತು ಅಂತ ಮಾತ್ರ ಹೇಳಬೇಡ. ಅದು ಎಲ್ಲರೂ ಹೇಳೋ ಮಾತು. ನೀನೂ ಅವರ ಜೊತೆ ಸೇರ್ಕೊಬೇಡ.”

ಅವನು ಏನೋ ಹೇಳಲು ಹೋಗುವಷ್ಟರಲ್ಲಿ ಫೋನು ಕಟ್ಟಾಯಿತು. ಕೈಯಲ್ಲಿದ್ದ ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಯಿತು. ಆ ದಿನ ಅವನಿಗೆ ಬೇಕಾಗಿದ್ದದ್ದು ಕಾಯಿನ್ನಲ್ಲ, ಅದನ್ನು ತಾನು ಮುಟ್ಟಿಲ್ಲ ಎಂದು ಅಕ್ಕನ ಕಣ್ಣಿಗೆ ತೋರಿಸುವುದು. ಆ ಸಂಸಾರದಲ್ಲಿ ಅಮ್ಮ ಹೋದ ಮೇಲೆ ಉಳಿದವರು ಇವರಿಬ್ಬರೇ.

ನಾನೇ ಬಲವಂತ ಮಾಡಿ ಅವನನ್ನು ಕಂಪ್ಯೂಟರ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದಾಕೆ ಕನ್ನಡಕದ ಮೇಲಿಂದ ಇಣುಕಿ ನೋಡುವ, ಕಡಿಮೆ ಮಾತಿನ ಹೆಂಗಸು. ತಾಳ್ಮೆಯಿಂದ ಎಲ್ಲ ಕೇಳಿಕೊಂಡಳು, ಹಲ್ಲಿನ ವಿಷಯಕ್ಕೆ ನಗಲೂ ಇಲ್ಲ. ಜನ ನಾಯಿ ಹೆಸರು, ಸತ್ತವರ ಫೋನ್ ನಂಬರು, ಏನೇನೋ ಇಟ್ಟಿರುತ್ತಾರಂತೆ. ಅವನು ಹೇಳಿದ ಹಲ್ಲುಗಳನ್ನೇ ಹಿಂದೆಮುಂದೆ ಮಾಡಿ ಹಾಕುವಂತೆ ಮೆಷಿನ್ನಿಗೆ ಹೇಳಿಕೊಟ್ಟಳು. ನಾವು ಸ್ಟೂಲಿನ ಮೇಲೆ ಕೂತು ಫ್ಯಾನಿನ ಸದ್ದು ಕೇಳಿದೆವು. ಯಾವುದೂ ಹೊಂದಲಿಲ್ಲ.

“ಸಾಲು ಸರಿ ಇದೆ ಅನ್ಸುತ್ತೆ ಸಾರ್, ಹಲ್ಲೇ ಹೆಚ್ಚುಕಮ್ಮಿ ಇರಬೇಕು” ಎಂದಳು. “ಒಂದು ಸೇರಿಸಿ ನೋಡೋಣ, ಒಂದು ಕಳೆದು ನೋಡೋಣ. ಎಲ್ಲಾ ಥರ ಹಾಕಿದ್ರೆ ತಿಂಗಳುಗಟ್ಟಲೆ ಬೇಕು. ಒಂದೊಂದೇ ಹಲ್ಲಿನ ವ್ಯತ್ಯಾಸ ಅಂದ್ರೆ ಬೇಗ ಆಗುತ್ತೆ.”

ಹಲ್ಲಣ್ಣನ ಮುಖ ಗಂಟಾಯಿತು. “ಒಂದು ಹಲ್ಲು ಹೆಚ್ಚುಕಮ್ಮಿ ಆದ್ರೆ ಅದು ಯಾರದೋ ಬಾಯಿ ಮೇಡಂ. ನಮ್ಮಮ್ಮಂದಲ್ಲ.”

“ನೆನಪು ತಪ್ಪೋದು ಸಹಜ ಸಾರ್.”

“ನಾನು ಮಾಡಿದ ಸೆಟ್ಟು ಅದು. ತಪ್ಪೋಕೆ ಹೇಗೆ ಸಾಧ್ಯ?” ಎಂದವನೇ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ. ಆಕೆಗೆ ಕೊಡಬೇಕಾದದ್ದನ್ನು ಕೊಟ್ಟು, ತಪ್ಪಾಯಿತು ಎಂದು ಹೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಬೀದಿಯಲ್ಲಿ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದೆ. ಕೊನೆಗೆ, “ನಾಳೆ ಅಕ್ಕನಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ. ನೀನೂ ಬಾ. ಒಬ್ಬನೇ ಹೋದ್ರೆ ಕತ್ತರಿ ಎಸೀತಾಳೆ” ಎಂದ. ತಮಾಷೆಗೆ ಹೇಳಿದ್ದಲ್ಲ.

ಮರುದಿನ ಸಂಜೆ ಸಲೂನಿಗೆ ಹೋದಾಗ ಕೊನೆಯ ಗಿರಾಕಿ ಕುರ್ಚಿಯಲ್ಲಿದ್ದಳು. ಅಕ್ಕ ಅವಳ ಕೂದಲನ್ನು ಎತ್ತಿ ಕಟ್ಟುತ್ತಿದ್ದಳು. ಕನ್ನಡಿಯಲ್ಲೇ ನಮ್ಮನ್ನು ನೋಡಿ, ಕಣ್ಣಲ್ಲೇ ಬೆಂಚು ತೋರಿಸಿದಳು. ಮಾತಾಡಲು ಆಗುತ್ತಿರಲಿಲ್ಲ, ಬಾಯಲ್ಲಿ ಕೂದಲಿನ ಕ್ಲಿಪ್ಪುಗಳಿದ್ದವು. ಒಂದೊಂದನ್ನೇ ಹಲ್ಲಿನಿಂದ ಎಳೆದು, ಅಗಲಿಸಿ, ಕೂದಲಿಗೆ ಸಿಕ್ಕಿಸುತ್ತಿದ್ದಳು. ನಾನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ; ಅಕ್ಕನಿಗೆ ತೋರಿಸಲೆಂದು ಅವನೇ ಅದನ್ನು ತಂದಿದ್ದ. ಹಲ್ಲಣ್ಣ ಕೂರಲಿಲ್ಲ.

ಗಿರಾಕಿ ಹೋದಳು. ಅಕ್ಕ ನೆಲದ ಕೂದಲು ಗುಡಿಸತೊಡಗಿದಳು, ತಮ್ಮನ ಕಡೆ ನೋಡದೆ. ಇನ್ನೂ ಎರಡು ಕ್ಲಿಪ್ಪು ಹಲ್ಲಿನಲ್ಲೇ ಇದ್ದವು. ಇವನು ಬಂದ ವಿಷಯ ಹೇಳಬೇಕಿತ್ತು. ಧೈರ್ಯ ಬಾರದೆ, ಅಭ್ಯಾಸಬಲದಿಂದ ಬೇರೆಯೇ ಬಾಯಿಗೆ ಬಂತು.

“ಆ ಕ್ಲಿಪ್ ಬಾಯಿಂದ ತೆಗಿ ಅಕ್ಕ. ಎಷ್ಟು ಸಲ ಹೇಳಿದ್ದೀನಿ? ಮುಂದಿನ ಹಲ್ಲಲ್ಲಿ ಆಗಲೇ ಕಚ್ಚು ಬಿದ್ದಿದೆ.”

ಅಕ್ಕ ಕ್ಲಿಪ್ಪು ತೆಗೆದು, ಕೈ ಬಾಯಿಗೆ ಅಡ್ಡ ಹಿಡಿದು, ರೇಗಿದಳು. “ಬಂದ ತಕ್ಷಣ ಶುರು. ನನ್ನ ಹಲ್ಲು ನನ್ನಿಷ್ಟ. ಅಮ್ಮಂಗೂ ಹೀಗೇ ಕಚ್ಚು ಬಿದ್ದಿತ್ತು, ಏನಾಯ್ತು?”

“ಅಮ್ಮಂಗೆ ಎಲ್ಲಿತ್ತು?”

“ಕೆಳಗೆ, ಮುಂದುಗಡೆ. ಒಂಟಿಯಾಗಿ ನಿಂತಿತ್ತಲ್ಲ, ಅದರಲ್ಲಿ.”

“ಅದನ್ನ ಕಿತ್ತಾಗಿತ್ತು ಅಕ್ಕ. ನಿನಗೆ ನೆನಪಿಲ್ಲ.”

“ನನಗಾ ನೆನಪಿಲ್ಲ?” ಅಕ್ಕ ಪೊರಕೆ ಗೋಡೆಗೆ ಒರಗಿಸಿದಳು. “ಸಾಯೋ ದಿನದ ತನಕ ಅಮ್ಮನ ಬಾಯಲ್ಲಿತ್ತು ಅದು. ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ ಕೆಲಸಕ್ಕೆ ಕಳಿಸ್ತಿದ್ದಳಲ್ಲ, ಆ ಹಲ್ಲಲ್ಲೇ ಪಿನ್ನು ಕಚ್ಚಿ ಹಿಡ್ಕೊಳ್ತಿದ್ದಳು.”

“ಹೇಗಿರುತ್ತೆ? ನಾನೇ ಕತ್ತರಿಸಿದ್ದು.”

“ನೀನು ಕತ್ತರಿಸಿದ್ದು ಪ್ಲಾಸ್ಟರ್ ಹಲ್ಲು ಕಣೋ.”

ಹಲ್ಲಣ್ಣ ಗಿರಾಕಿಗಳ ಕುರ್ಚಿಯಲ್ಲಿ ಕೂತ. ಅಕ್ಕ ಒಂದು ಕ್ಷಣ ತುಟಿ ಕಚ್ಚಿಕೊಂಡಳು. ಹೇಳಬಾರದೆಂದು ಇಟ್ಟುಕೊಂಡಿದ್ದ ಮಾತು ಅದು ಎಂದು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಪಕ್ಕದ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೂತು, ಎಲ್ಲ ಹೇಳಿದಳು.

ಡಾಕ್ಟರು ಕೀಳುತ್ತೇನೆ ಎಂದು ದಿನ ಕೊಟ್ಟಿದ್ದರು. ಅಕ್ಕನೇ ಅಮ್ಮನನ್ನು ಕರೆದುಕೊಂಡು ಹೋಗಿದ್ದಳು. ತಮ್ಮ ಮೊದಲೇ ಮಾಡಿಕೊಟ್ಟಿದ್ದ ಹೊಸ ಸೆಟ್ಟು ಚೀಲದಲ್ಲಿತ್ತು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅಮ್ಮ ನಿಂತುಬಿಟ್ಟರು. ಇದೊಂದು ಹೋದರೆ ಪಿನ್ನು ಎಲ್ಲಿ ಇಟ್ಟುಕೊಳ್ಳಲಿ, ನಿನ್ನ ತಲೆ ಯಾರು ಬಾಚುತ್ತಾರೆ ಎಂದು ಹಟ. ಇಬ್ಬರೂ ಹಾಗೇ ವಾಪಸ್ ಬಂದರು. ಸೆಟ್ಟು ಮಾತ್ರ ಆ ಹಲ್ಲಿಗೆ ತಗುಲಿ ಕೂರಲೊಲ್ಲದು. ಮಗ ಹಗಲೆಲ್ಲ ಕೂತು ಮಾಡಿದ್ದು, ಹಾಕಿಕೊಳ್ಳದಿದ್ದರೆ ನೊಂದುಕೊಳ್ಳುತ್ತಾನೆ. ಕೊನೆಗೆ ಅಕ್ಕ ಉಗುರು ಉಜ್ಜುವ ಅರ ತಂದು, ಅವನು ಜೋಡಿಸಿದ್ದ ಆ ಒಂದು ಹಲ್ಲನ್ನು ತೇದು ತೇದು ತೆಗೆದು, ನಿಜವಾದ ಹಲ್ಲು ತೂರುವಷ್ಟು ಜಾಗ ಮಾಡಿದಳು.

“ನನ್ನ ಸೆಟ್ಟನ್ನ? ಉಗುರಿನ ಅರದಲ್ಲಿ?” ಹಲ್ಲಣ್ಣ ಹೆಚ್ಚುಕಡಿಮೆ ಕಿರುಚಿದ.

“ಮತ್ತೇನು ಮಾಡ್ಲಿ? ಅಮ್ಮ ಬಾಯಿಗೆ ಕೈ ಇಟ್ಕೊಂಡು ನಗ್ತಿದ್ದದ್ದು ಯಾಕೆ ಅಂದ್ಕೊಂಡೆ? ನೀನು ನೋಡಿಬಿಡ್ತೀಯ ಅಂತ. ನೀನು ಹೊರಟ ಮೇಲೆ ಕೈ ತೆಗೆದು ಉಸ್ಸಪ್ಪಾ ಅಂತಿದ್ದಳು.”

ಅವನು ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿಕೊಂಡ. ಊರಿನವರ ಹಲ್ಲನ್ನೆಲ್ಲ ಗುರುತು ಹಿಡಿಯುವ ಮನುಷ್ಯನಿಗೆ ಅಮ್ಮನ ಬಾಯಿ ಕಂಡಿರಲಿಲ್ಲ. ಕಣ್ಣು ಮುಚ್ಚಿದಾಗ ಅವನಿಗೆ ಕಾಣುತ್ತಿದ್ದದ್ದು ತನ್ನ ಮೇಜಿನ ಮೇಲೆ ಆ ಹಲ್ಲು ಕತ್ತರಿಸಿದ್ದ ಪ್ಲಾಸ್ಟರು. ನನಗೆ ಅವನನ್ನು ನೋಡಲಾಗಲಿಲ್ಲ. ಅಷ್ಟರಲ್ಲಿ ನನ್ನ ತಲೆಯಲ್ಲಿ ಏನೋ ಕೂಡಿಬಂತು.

“ಅಣ್ಣ, ಕಾಯಿನ್ ತಗೊಂಡಿದ್ದು ಯಾವಾಗ? ಆ ಹಲ್ಲು ಕತ್ತರಿಸೋಕೆ ಮುಂಚೆನಾ, ಆಮೇಲಾ?”

ಅವನು ನಿಧಾನವಾಗಿ ತಿರುಗಿದ. “ಅಚ್ಚು ಬಂದ ದಿನ. ಪ್ಲಾಸ್ಟರ್ ಆಗ ತಾನೇ ಬಿಡಿಸಿ ಮೇಜಿನ ಮೇಲಿಟ್ಟಿದ್ದೆ. ಪಾಸ್‌ವರ್ಡ್ ಕೇಳ್ತು. ಎದುರಿಗೆ ಅದೇ ಇತ್ತು.” ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ನೋಡಿ, “ಕತ್ತರಿಸಿದ್ದು ಮಾರನೇ ದಿನ” ಎಂದ.

ಲ್ಯಾಪ್‌ಟಾಪನ್ನು ಅಕ್ಕನ ಮುಂದೆ ಬಾಚಣಿಗೆಗಳ ನಡುವೆ ಇಟ್ಟೆ. ಅವನು ಹೇಳುತ್ತಾ ಹೋದ, ಅಕ್ಕ ಒಂದೊಂದೇ ಅಂಕಿ ಹುಡುಕಿ ಒತ್ತಿದಳು. ಮೇಲಿನ ಸಾಲು ಮುಗಿಯಿತು. ಕೆಳಸಾಲಿಗೆ ಬಂದು ನಿಂತ.

“ಮುಂದಿನದು ಹೇಳೋ.”

“ಮೂರು,” ಎಂದ. ಎಡಗಡೆಯ ಕೆಳಪಾಲಿನ ಮೊದಲ ಹಲ್ಲು, ಮೂರು ಒಂದು. ನನಗೆ ಗೊತ್ತಿತ್ತು, ಆದರೆ ಅದು ನಾನು ಹೇಳುವ ಅಂಕಿಯಲ್ಲ. ಅಕ್ಕ ಕಾದಳು. “ಒಂದು,” ಎಂದ ಕೊನೆಗೆ, ಅಳುತ್ತಾ. ಉಳಿದವನ್ನು ಅಳುತ್ತಲೇ ಹೇಳಿದ.

ವಾಲೆಟ್ ತೆರೆಯಿತು. ಇಟ್ಟದ್ದು ಇಟ್ಟ ಹಾಗೇ ಇತ್ತು. ಕೊಂಡ ದಿನದ ಒಂದು ಸಾಲು ಬಿಟ್ಟರೆ ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಅಕ್ಕ ಆ ಒಂದು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು.

“ಫೋನಲ್ಲಿ ಏನೇನೋ ಅಂದುಬಿಟ್ಟೆ ಕಣೋ,” ಎಂದಳು.

“ಅಮ್ಮಂಗೆ ನೋವಾಗ್ತಿತ್ತಾ ಅಕ್ಕ, ಆ ಸೆಟ್ಟಲ್ಲಿ?” ಅವನಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

“ನಾನು ಉಜ್ಜಿದ ಮೇಲೆ ಇಲ್ಲ. ನನ್ನ ಮಗ ಮಾಡಿದ್ದು ಅಂತ ಬೀದಿಯವರಿಗೆಲ್ಲ ತೆಗೆದು ತೋರಿಸ್ತಿದ್ದಳು, ನನಗೆ ಮರ್ಯಾದೆ ಹೋಗ್ತಿತ್ತು.”

ರಿಪೇರಿಯಾಕೆಯ ಮಾತು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಎಂದು ನಾನು ಬಸ್ಸಿನಲ್ಲಿ ಅವನನ್ನು ಚುಚ್ಚಿದೆ. ಹೌದು ಎಂದ. ಆದರೆ ಆಗ ಬಾಗಿಲೇನೋ ತೆರೆಯುತ್ತಿತ್ತು, ಆ ಹಲ್ಲು ಯಾಕೆ ಉಳಿಯಿತು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಮಾರನೇ ದಿನ ಅವನೇ ಹೋಗಿ ಆಕೆಗೆ ಕ್ಷಮೆ ಕೇಳಿ ಬಂದ. ಪಾಸ್‌ವರ್ಡಿನ ಗುಟ್ಟು ಬಯಲು ಮಾಡಿದೆನೆಂದು ನನ್ನನ್ನು ಬೈಯಬೇಡಿ. ಆ ವಾಲೆಟ್ಟಿನಲ್ಲಿ ಈಗ ಏನೂ ಇಲ್ಲ. ಅದೆಲ್ಲ ಕನ್ನಡಿ, ಕುರ್ಚಿ, ಬಾಗಿಲ ಮೇಲಿನ ಬೋರ್ಡು ಆಗಿದೆ.

ಸಲೂನು ಅಕ್ಕನದಾದ ದಿನ ಮೊದಲ ಗಿರಾಕಿ ನಾನೇ. ಕೂದಲಿನಲ್ಲಿ ವರ್ಷಗಟ್ಟಲೆ ಸೇರಿದ ಲ್ಯಾಬಿನ ಧೂಳಿಗೆ ಒಂದು ಗತಿ ಕಾಣಿಸಬೇಕಿತ್ತು. ಹಲ್ಲಣ್ಣ ಬೆಂಚಿನ ಮೇಲೆ ಕೂತು ಪತ್ರಿಕೆ ತಿರುವುತ್ತಿದ್ದ. ಅಕ್ಕ ನನ್ನ ಹಿಂದೆ ನಿಂತು, ಕ್ಲಿಪ್ಪು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಅವನು ಒಮ್ಮೆ ತಲೆ ಎತ್ತಿ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡದ್ದು ನನಗೆ ಕನ್ನಡಿಯಲ್ಲಿ ಕಾಣಿಸಿತು. ಅಕ್ಕನಿಗೂ ಕಾಣಿಸಿರಬೇಕು. ಕ್ಲಿಪ್ಪು ತೆಗೆದು ನಕ್ಕಳು. ನಗುವಾಗ ಕೈ ತಾನಾಗಿಯೇ ಬಾಯಿಗೆ ಅಡ್ಡ ಬಂತು.

ಹಲ್ಲಣ್ಣ ಪತ್ರಿಕೆ ಪಕ್ಕಕ್ಕಿಟ್ಟು ಎದ್ದು ಬಂದ.

“ಕೈ ತೆಗಿ ಅಕ್ಕ,” ಎಂದ. “ನಾನೇನೂ ಅನ್ನಲ್ಲ.”

ಅಕ್ಕ ಕನ್ನಡಿಯಲ್ಲಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈ ತೆಗೆದಳು.